ಭೇಷಜವಿದ್ಯೆಯಲ್ಲಿ ಅಧಿಕಾರಿವಿಚಾರ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಪೂರ್ವಿಕರ ಸಂಪ್ರದಾಯ. ಪ್ರತಿಪಾದ್ಯವಾದ ವಿಷಯವಾವುದು, ಅದನ್ನು ಅರಿಯಲು ಅಧಿಕಾರಿಯು ಯಾರು, ಶಾಸ್ತ್ರಕ್ಕೂ ವಿಷಯಕ್ಕೂ ಇರುವ ಸಂಬಂಧವೆಂತಹುದು, ಅರಿತುದರ ಪ್ರಯೋಜನವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಸಮಾಧಾನ ದೊರೆತಲ್ಲದೆ ಶ್ರೋತೃಗಳ ಬುದ್ಧಿಯು ಶಾಸ್ತ್ರದಲ್ಲಿ ಪ್ರವರ್ತಿಸದು. ಔಷಧಗಳನ್ನು ಗುರುತಿಸುವುದು, ಸಂಸ್ಕರಿಸುವುದು, ಕೂಡಿಸುವುದು, ಅಳೆದು ರೋಗಿಯ ಕೈಗೆ ಮುಟ್ಟಿಸುವುದು ಎಂಬೀ ನಾಲ್ಕು ಕರ್ಮಗಳನ್ನು ಬೋಧಿಸುವ ವಿದ್ಯೆಗೆ ಪೂರ್ವದಲ್ಲಿ ಭೇಷಜಕಲ್ಪನೆಯೆಂದು ಹೆಸರು. ಈಗಿನ ಶಾಲೆಗಳಲ್ಲಿ ಅದರ ಸ್ಥಾನದಲ್ಲಿ ನಿಂತಿರುವ ವಿದ್ಯೆಯು ಫಾರ್ಮಸಿಯೆನಿಸಿಕೊಳ್ಳುತ್ತದೆ. ಈ ವಿದ್ಯೆಯ ವಿಷಯವನ್ನೂ ಪ್ರಯೋಜನವನ್ನೂ ಕುರಿತು ಗ್ರಂಥಗಳು ಹೇರಳವಾಗಿವೆ. ಅಧಿಕಾರಿಯ ಪ್ರಶ್ನೆಯಾದರೋ ಬಹುಕಾಲ ಸಿದ್ಧವಾದ ಸಂಗತಿಯೆಂದೇ ಎಣಿಸಲ್ಪಟ್ಟು, ವಿಚಾರಕ್ಕೆ ಒಳಗಾಗದೆ ಉಳಿದಿದೆ. ಈ ವಿದ್ಯಾಶಾಲೆಯ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ಮುಚ್ಚಿತು, ಅದರಿಂದ ವಿದ್ಯೆಗೇ ಆದ ಲಾಭನಷ್ಟಗಳೇನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಒಂದು ನಿಲ್ಲುವ ನೆಲೆ ಬೇಕು. ಕೃಷ್ಣಾ ಭೀಮಾ ನದಿಗಳ ನಡುವಣ ಸಗರನಾಡಿನಲ್ಲಿ, ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿಗೆ ಸೇರಿದ ಗೋಗಿ ಎಂಬ ಗ್ರಾಮವಿದೆ. ಚಂದಾ ಹುಸೇನಿ ಎಂಬ ಸಂತರ ದರ್ಗೆಯಿಂದಲೂ, ಅದರ ಸನ್ನಿಧಿಯಲ್ಲಿಯೇ ಇರುವ ಯೂಸುಫ್, ಇಸ್ಮಾಯಿಲ್, ಮೊದಲನೆಯ ಇಬ್ರಾಹೀಮ್ ಎಂಬ ವಿಜಾಪುರದ ಆದಿಲಶಾಹಿ ಸುಲ್ತಾನರ ಸಮಾಧಿಗಳಿಂದಲೂ ಆ ಗ್ರಾಮವು ಇತಿಹಾಸಜ್ಞರಿಗೆ ಪರಿಚಿತವಾಗಿದೆ. ಸುತ್ತಣ ಸೀಮೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು ನುಡಿಗಳು ಒಂದೇ ಸಂತೆಯಲ್ಲಿ ಕೇಳಬರುತ್ತವೆ. ಒಕ್ಕಲಿಗ, ಕುರುಬ, ಬೇಡ, ಲಂಬಾಣಿ, ದಲಿತ, ಮುಸಲ್ಮಾನ ಕುಟುಂಬಗಳು ಒಂದೇ ಔಷಧದ ಅಂಗಡಿಯ ಮುಂದೆ ನಿಲ್ಲುತ್ತವೆ. ಇಂತಹ ಊರಿನ ಒಬ್ಬ ಹುಡುಗಿಯೋ ಹುಡುಗನೋ ಅಂಗಡಿಯ ಹೊರಗೆ ನಿಂತು ಔಷಧವನ್ನು ಕೊಳ್ಳುವವರಾಗಿಯೇ ಉಳಿಯಬೇಕೆ, ಒಳಗೆ ನಿಂತು ಕೊಡುವವರೂ ಆಗಬಹುದೆ ಎಂಬುದೇ ಅಧಿಕಾರಿವಿಚಾರದ ಲೌಕಿಕ ರೂಪ.

೧. ವಿಷಯ: ಔಷಧಜ್ಞಾನದ ಮೂಲ

ಔಷಧದ ಅರಿವು ಮೊದಲು ಯಾರಲ್ಲಿತ್ತು? ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯವೇ ಇದಕ್ಕೆ ಉತ್ತರವನ್ನು ಹೇಳಿದೆ. ಕಾಡಿನಲ್ಲಿ ಆಡು ಕಾಯುವವರು, ಕುರಿ ಕಾಯುವವರು, ದನ ಕಾಯುವವರು ಮತ್ತು ಇತರ ವನವಾಸಿಗಳು ಓಷಧಿಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂಬುದು ಅಲ್ಲಿಯ ತಾತ್ಪರ್ಯ. ಸುಶ್ರುತಸಂಹಿತೆಯೂ ದ್ರವ್ಯಸಂಗ್ರಹವನ್ನು ಹೇಳುವ ಸಂದರ್ಭದಲ್ಲಿ ಗೋಪಾಲರು, ತಾಪಸರು, ಬೇಡರು, ಕಂದಮೂಲಗಳನ್ನು ತಿಂದು ಬಾಳುವ ಕಾಡಿನವರು ಇವರಿಂದ ಮೂಲಿಕೆಗಳನ್ನು ತಿಳಿದುಕೊಳ್ಳಬೇಕೆಂದು ವಿಧಿಸಿದೆ. ಹೆಸರು ರೂಪಗಳನ್ನು ಅರಿತ ಮಾತ್ರದಿಂದಲೇ ಸಾಲದು, ದೇಶಕಾಲಗಳನ್ನೂ ಪುರುಷಭೇದವನ್ನೂ ನೋಡಿ ಯೋಜಿಸಬಲ್ಲವನೇ ಶ್ರೇಷ್ಠನೆಂದು ಚರಕನು ಮುಂದುವರಿಸಿ ಹೇಳಿರುವುದೂ ನಿಜ. ಆದರೆ ಯೋಜನೆಯೆಂಬ ಮಹಡಿಯು ನಿಂತಿರುವುದು ಕುರುಬರ ಬೇಡರ ಅರಿವೆಂಬ ಅಡಿಪಾಯದ ಮೇಲೆ ಎಂಬುದು ಆಚಾರ್ಯರಿಗೆ ಸಮ್ಮತವೇ ಆಗಿದ್ದಿತು. ಸಗರನಾಡಿನ ವಿಷಯದಲ್ಲಿ ಇದನ್ನು ಓದಿದಾಗ ಸ್ವಾರಸ್ಯವು ಹೆಚ್ಚುತ್ತದೆ. ಏಕೆಂದರೆ ಶ್ಲೋಕದಲ್ಲಿ ಹೇಳಿದ ಆಡು ಕುರಿ ಕಾಯುವವರೂ ಬೇಡರೂ ಆ ಸೀಮೆಯ ಪ್ರಧಾನ ಜನವರ್ಗಗಳೇ ಆಗಿದ್ದಾರೆ.

ಇದು ಪುರಾತನಕ್ಕೆ ಮಾತ್ರ ಸಲ್ಲುವ ಮಾತಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಶಾಲೆಯ ಮುಖವನ್ನು ಕಾಣದೆ ಅಜ್ಜಿಯಿಂದ ಪ್ರಸೂತಿಕರ್ಮವನ್ನೂ ನಾಟಿಮದ್ದನ್ನೂ ಕಲಿತು ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅಂಕೋಲೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಅವರೂ ಅಕ್ಷರಾಭ್ಯಾಸವಿಲ್ಲದೆಯೇ ಗಿಡಮರಗಳ ಕೋಶವೆಂದು ಖ್ಯಾತರಾಗಿ ಅದೇ ಪ್ರಶಸ್ತಿಗೆ ಪಾತ್ರರಾದರು. ಕೇರಳದ ಅಗಸ್ತ್ಯಕೂಟದ ಕಾಣಿ ಜನರು ೧೯೮೭ರಲ್ಲಿ ತಮ್ಮೊಡನೆ ಕಾಡು ಹತ್ತಿದ ವಿಜ್ಞಾನಿಗಳಿಗೆ ಆಯಾಸವನ್ನು ನೀಗುವ ಆರೋಗ್ಯಪಚ್ಚೆಯೆಂಬ ಗಿಡವನ್ನು ತೋರಿಸಿಕೊಟ್ಟರು. ಅದರಿಂದ ಜೀವನಿ ಎಂಬ ಔಷಧವು ಸಿದ್ಧವಾಯಿತು. ೧೯೯೫ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಕೊಟ್ಟಾಗ ಬಂದ ಹಣದಲ್ಲಿ ಅರ್ಧಭಾಗವನ್ನು ಕಾಣಿ ಜನರಿಗೆ ಸಲ್ಲಿಸುವ ಏರ್ಪಾಡೂ ಆಯಿತು. ಲಾಭದಲ್ಲಿ ಪಾಲು ಕೊಡುವುದು ನ್ಯಾಯವೇ ಸರಿ. ಆದರೆ ಲಾಭದ ಪಾಲು ಬೇರೆ, ವಿದ್ಯೆಯ ಪಾಲು ಬೇರೆ. ಗಿಡವನ್ನು ತೋರಿಸಿದವರ ಮಕ್ಕಳು ಅದರ ಸಾರವನ್ನು ತೆಗೆಯುವ ಪ್ರಯೋಗಶಾಲೆಯೊಳಗೆ ವಿದ್ಯಾರ್ಥಿಗಳಾಗಿ ಬರುವಂತಾದಾಗ ಮಾತ್ರ ವಿಷಯಕ್ಕೂ ಅಧಿಕಾರಿಗೂ ಸಾಮರಸ್ಯವುಂಟಾಗುವುದು.

೨. ಅಧಿಕಾರಿ: ಗ್ರಂಥಗಳ ನಿರ್ಣಯ

ಅಂತಹ ಸಾಮರಸ್ಯವು ಪ್ರಾಚೀನ ಗ್ರಂಥಗಳಲ್ಲಿ ಪೂರ್ಣವಾಗಿ ಕಾಣದು. ಇದನ್ನು ಮುಚ್ಚಿಡುವುದು ಪಾಂಡಿತ್ಯಕ್ಕೆ ಸಲ್ಲದು. ಸುಶ್ರುತನ ಶಿಷ್ಯೋಪನಯನೀಯವೆಂಬ ಅಧ್ಯಾಯದಲ್ಲಿ ಬ್ರಾಹ್ಮಣ, ಕ್ಷತ್ರಿಯ, ವೈಶ್ಯ ಎಂಬ ಮೂರು ವರ್ಣದವರಿಗೆ ಉಪನಯನಪೂರ್ವಕವಾಗಿ ಆಯುರ್ವೇದವನ್ನು ಬೋಧಿಸಬೇಕೆಂದು ಹೇಳಿದೆ. ಒಳ್ಳೆಯ ಕುಲವೂ ಗುಣವೂ ಉಳ್ಳ ಶೂದ್ರನಿಗೆ ಉಪನಯನವಿಲ್ಲದೆ, ಮಂತ್ರವನ್ನು ಬಿಟ್ಟು ಬೋಧಿಸಬಹುದೆಂಬುದು ಕೆಲವರ ಮತವೆಂದು ಕೊನೆಯಲ್ಲಿ ಸೇರಿಸಿದೆ. ಬಾಗಿಲು ಇಲ್ಲಿ ಮುಚ್ಚಿಯೂ ಇಲ್ಲ, ತೆರೆದೂ ಇಲ್ಲ, ಓರೆಯಾಗಿದೆ. ಸ್ತ್ರೀಯರ ಪ್ರಸ್ತಾಪವಂತೂ ಅಲ್ಲಿ ಇಲ್ಲವೇ ಇಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ವಿಚಾರವು ಇನ್ನೊಂದು ತಿರುವನ್ನು ಪಡೆಯುತ್ತದೆ. ಪ್ರಾಣಿಗಳ ಅನುಗ್ರಹಕ್ಕಾಗಿ ಬ್ರಾಹ್ಮಣರೂ ರಕ್ಷಣೆಗಾಗಿ ಕ್ಷತ್ರಿಯರೂ ವೃತ್ತಿಗಾಗಿ ವೈಶ್ಯರೂ ಆಯುರ್ವೇದವನ್ನು ಅಧ್ಯಯನ ಮಾಡಬೇಕೆಂದು ಹೇಳಿದ ಮೇಲೆ, ಅಥವಾ ಸಾಮಾನ್ಯವಾಗಿ ಧರ್ಮ, ಅರ್ಥ, ಕಾಮಗಳ ಸಿದ್ಧಿಗಾಗಿ ಎಲ್ಲರೂ ಅಧ್ಯಯನ ಮಾಡಬಹುದೆಂಬ ವಿಕಲ್ಪವನ್ನು ಆ ಗ್ರಂಥವು ಇಟ್ಟಿದೆ. ‘ಸರ್ವೈಃ’ ಎಂಬ ಈ ಒಂದು ಪದವು ಅಧಿಕಾರಿವಿಚಾರದ ಬೀಗದ ಕೈ ಎನ್ನಬಹುದು. ಇದನ್ನು ಮೂರು ವರ್ಣಗಳಿಗೇ ಸಂಕೋಚಿಸಿ ವ್ಯಾಖ್ಯಾನಿಸಲು ಅವಕಾಶವುಂಟು. ಎಲ್ಲರಿಗೂ ವಿಸ್ತರಿಸಲೂ ಅವಕಾಶವುಂಟು. ಯಾವ ಅರ್ಥವನ್ನು ಹಿಡಿಯಬೇಕೆಂಬುದನ್ನು ಶಬ್ದವೊಂದೇ ನಿರ್ಣಯಿಸಲಾರದಾಗ ಪ್ರಕರಣವನ್ನೂ ಪ್ರಯೋಜನವನ್ನೂ ನೋಡಬೇಕೆಂಬುದು ಮೀಮಾಂಸಕರ ನ್ಯಾಯ. ಸಕಲಪ್ರಾಣಿಗಳ ಆರೋಗ್ಯವೇ ಪ್ರಯೋಜನವಾದ ಶಾಸ್ತ್ರದಲ್ಲಿ ವಿಸ್ತಾರವಾದ ಅರ್ಥವೇ ಹೊಂದುವುದೆಂದು ಹೇಳಲು ಅಡ್ಡಿಯಿಲ್ಲ.

ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ. ಗುರುವು ಶಿಷ್ಯನನ್ನು ಪರೀಕ್ಷಿಸುವುದಕ್ಕಿಂತ ಮೊದಲೇ ಶಿಷ್ಯನು ಶಾಸ್ತ್ರವನ್ನೂ ಆಚಾರ್ಯನನ್ನೂ ಪರೀಕ್ಷಿಸಬೇಕೆಂದು ಅಲ್ಲಿ ವಿಹಿತವಾಗಿದೆ. ಯೋಗ್ಯತೆಯೆಂಬುದು ಬಾಗಿಲ ಹೊರಗೆ ನಿಂತವನಿಂದ ಮಾತ್ರ ಕೇಳತಕ್ಕ ಪ್ರಶ್ನೆಯಲ್ಲ, ಒಳಗೆ ಕುಳಿತವರನ್ನೂ ಕೇಳತಕ್ಕ ಪ್ರಶ್ನೆ ಎಂಬುದು ಇದರಿಂದ ಸಿದ್ಧಿಸುತ್ತದೆ.

೩. ಭಾಷೆಯೆಂಬ ಬಾಗಿಲು

ಜಾತಿಯ ಬಾಗಿಲಿನಷ್ಟೇ ಭಾರವಾದುದು ಭಾಷೆಯ ಬಾಗಿಲು. ಇದನ್ನು ತೆರೆಯುವ ಕಾರ್ಯದಲ್ಲಿ ಕನ್ನಡ ನಾಡು, ಅದರಲ್ಲಿಯೂ ಗೋಗಿಯ ಸುತ್ತಣ ಉತ್ತರ ಸೀಮೆ, ಮುಂದಾಳಾಗಿದ್ದಿತು. ಚಾವುಂಡರಾಯನು ಕ್ರಿ. ಶ. ೧೦೨೫ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರದಲ್ಲಿ ಕೃಷಿ, ಜಲಶೋಧನೆ, ಪಾಕಗಳೊಡನೆ ವೈದ್ಯವೂ ಸೇರಿದೆ. ಕಲ್ಯಾಣದ ಚಾಲುಕ್ಯವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ರಾಜಪುತ್ರನು ದನಗಳ ಮದ್ದನ್ನು ದೇಶಭಾಷೆಯಲ್ಲಿ ಬರೆದುದರಿಂದ, ಆ ಗ್ರಂಥವು ದನ ಸಾಕುವವರಿಗೆ ಉಪಯೋಗವಾಗಲೆಂಬ ಆಶಯವು ಕಂಡುಬರುತ್ತದೆ. ಪೂಜ್ಯಪಾದರ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥನು ಅದೇ ಶತಮಾನದಲ್ಲಿ ಕನ್ನಡಿಸಿದನು. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಹಾವು ಚೇಳುಗಳು ಕಚ್ಚುವುದು ಹೊಲದಲ್ಲಿ ನಡೆಯುವವನನ್ನು. ಆತನ ಪ್ರಾಣವು ಸಂಸ್ಕೃತಜ್ಞನು ಬರುವವರೆಗೆ ಕಾಯಲಾರದು. ಶಾಸ್ತ್ರವೇ ಆತನ ನುಡಿಗೆ ಇಳಿದುಬರಬೇಕಾಯಿತು. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬಾತನು ವೈದ್ಯವನ್ನೇ ಕಾಯಕವಾಗಿ ಕೈಕೊಂಡು, ಅದರ ಪರಿಭಾಷೆಯಲ್ಲಿಯೇ ವಚನಗಳನ್ನು ರಚಿಸಿದುದೂ ಸ್ಮರಣೀಯ.

ಭಾಷೆಯಂತೆಯೇ ರೋಗಿಯ ಆಚಾರವೂ ಔಷಧವನ್ನು ತಿದ್ದಬಲ್ಲುದೆಂಬುದಕ್ಕೆ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕವು ದೃಷ್ಟಾಂತ. ಮಧು, ಮದ್ಯ, ಮಾಂಸಗಳನ್ನು ವರ್ಜಿಸಿದ ಜೈನರಿಗೂ ಚಿಕಿತ್ಸೆಯು ದೊರೆಯಬೇಕಾಗಿದ್ದುದರಿಂದ ಜೈನವೈದ್ಯರು ಆ ದ್ರವ್ಯಗಳನ್ನು ಬಿಟ್ಟು ಯೋಗಗಳನ್ನು ಕಲ್ಪಿಸಿದರು. ಔಷಧದಲ್ಲಿ ಮಾಂಸವು ಅನಾವಶ್ಯಕವೆಂದು ನೃಪತುಂಗನ ಸಭೆಯಲ್ಲಿ ವಾದಿಸಿ ಸ್ಥಾಪಿಸಿದುದಾಗಿ ಉಗ್ರಾದಿತ್ಯನ ಗ್ರಂಥದ ಅಂತ್ಯಭಾಗದಲ್ಲಿ ಹೇಳಿದೆ. ಆ ನೃಪತುಂಗನು ರಾಷ್ಟ್ರಕೂಟ ಅಮೋಘವರ್ಷನೇ ಎಂದು ವಿದ್ವಾಂಸರು ಗ್ರಹಿಸಿದ್ದಾರೆ. ಆತನ ರಾಜಧಾನಿಯಾದ ಮಾನ್ಯಖೇಟವು ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವೇ ಆಗಿದೆ. ಹೊಸ ಜನವರ್ಗವೊಂದು ವೈದ್ಯದ ಒಳಗೆ ಬಂದುದರಿಂದ ಶಾಸ್ತ್ರವು ಕುಗ್ಗಲಿಲ್ಲ. ಅದಕ್ಕೆ ಹೊಸ ಕಲ್ಪನೆಗಳು ಲಭಿಸಿದವು.

ಗೋಗಿಯಲ್ಲಿ ಮಲಗಿರುವ ಸುಲ್ತಾನರ ವಂಶದ ಎರಡನೆಯ ಇಬ್ರಾಹೀಮನ ಕಾಲದಲ್ಲಿ ಇದೇ ಕಾರ್ಯವು ಮತ್ತೊಂದು ಭಾಷೆಯಲ್ಲಿ ನಡೆಯಿತು. ಇತಿಹಾಸಕಾರನೆಂದು ಪ್ರಸಿದ್ಧನಾದ ಫಿರಿಶ್ತನು ವಿಜಾಪುರದ ಆಸ್ಥಾನದಲ್ಲಿದ್ದುಕೊಂಡು ದಸ್ತೂರುಲ್ ಅತಿಬ್ಬಾ ಎಂಬ ವೈದ್ಯಗ್ರಂಥವನ್ನು ಪಾರಸಿಯಲ್ಲಿ ರಚಿಸಿ, ಭಾರತೀಯ ವೈದ್ಯದ ತತ್ತ್ವಗಳನ್ನೂ ದ್ರವ್ಯಗಳನ್ನೂ ಪಾರಸಿ ಬಲ್ಲ ಹಕೀಮರಿಗೆ ತಿಳಿಯಪಡಿಸಿದನು. ಸಂಸ್ಕೃತ, ಕನ್ನಡ, ಪಾರಸಿ ಎಂಬ ಮೂರು ಭಾಷೆಗಳಲ್ಲಿ ಔಷಧಜ್ಞಾನವು ಹೀಗೆ ಈ ಸೀಮೆಯಲ್ಲಿ ಸಂಚರಿಸಿದೆ. ನಾನಾತ್ವವು ಇಲ್ಲಿಯ ಭೇಷಜವಿದ್ಯೆಗೆ ಹೊರಗಿನಿಂದ ತಂದು ಅಂಟಿಸಬೇಕಾದ ಗುಣವಲ್ಲ, ಹುಟ್ಟುಗುಣವೆಂದೇ ತಿಳಿಯತಕ್ಕದ್ದು.

೪. ಶಾಲೆ ಮತ್ತು ಕಾಯಿದೆ

ಗ್ರಂಥಗಳಿಂದ ಶಾಲೆಗಳ ಕಡೆಗೆ ತಿರುಗಿದಾಗ ಗೋಗಿಯ ಇತಿಹಾಸವು ಹೈದರಾಬಾದು ಸಂಸ್ಥಾನದ ಇತಿಹಾಸದೊಡನೆ ಕೂಡಿಕೊಳ್ಳುತ್ತದೆ. ಹೈದರಾಬಾದಿನಲ್ಲಿ ವೈದ್ಯಶಾಲೆಯು ೧೮೪೬ರಲ್ಲಿಯೇ ಆರಂಭವಾಯಿತು. ೧೮೮೫ರಲ್ಲಿ ಡಾಕ್ಟರ್ ಎಡ್ವರ್ಡ್ ಲಾರಿಯವರ ಕಾಲದಲ್ಲಿ ಅಲ್ಲಿಗೆ ಸ್ತ್ರೀಯರಿಗೂ ಪ್ರವೇಶವು ದೊರೆಯಿತು. ಆಗ ಸೇರಿದ ರೂಪಾಬಾಯಿ ಫರ್ದೂನ್‌ಜಿಯವರು ಮುಂದೆ ಕ್ಲೋರೊಫಾರ್ಮಿನಂತಹ ಅರಿವಳಿಕೆ ಔಷಧಗಳ ಪ್ರಯೋಗದಲ್ಲಿ ನಿಷ್ಣಾತರಾಗಿ ಕೀರ್ತಿಯನ್ನು ಪಡೆದರು. ಇಂಗ್ಲೆಂಡಿನ ಫಾರ್ಮಸ್ಯೂಟಿಕಲ್ ಸೊಸೈಟಿಯು ಇಸಬೆಲ್ಲಾ ಕ್ಲಾರ್ಕ್ ಮತ್ತು ರೋಸ್ ಮಿನ್‌ಶಲ್ ಎಂಬ ಇಬ್ಬರು ಸ್ತ್ರೀಯರನ್ನು ಸದಸ್ಯರನ್ನಾಗಿ ಒಪ್ಪಿಕೊಂಡುದು ೧೮೭೯ರಲ್ಲಿ. ಅದೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೂ ಹಲವು ವರ್ಷ ವಾದ ನಡೆದ ಬಳಿಕ. ಅಮೆರಿಕೆಯ ಕಾಲೇಜುಗಳಲ್ಲಿ ವರ್ಣದ ಕಾರಣದಿಂದ ಪ್ರವೇಶ ದೊರೆಯದ ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬಾತನು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ೧೮೩೭ರಲ್ಲಿ ವೈದ್ಯಪದವಿಯನ್ನು ಪಡೆದು, ನ್ಯೂಯಾರ್ಕಿಗೆ ಮರಳಿ ಔಷಧಾಲಯವನ್ನು ತೆರೆದನು. ಬಾಗಿಲು ಮುಚ್ಚಿದ್ದುದು ಒಂದು ದೇಶದ ದೋಷವಲ್ಲ. ತೆರೆದುದೂ ಒಂದು ದೇಶದ ಪುಣ್ಯವಲ್ಲ.

ಹೈದರಾಬಾದಿನಲ್ಲಿ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಶಿಕ್ಷಣಮಾಧ್ಯಮವನ್ನಾಗಿ ಸ್ವೀಕರಿಸಿತು. ಅದಕ್ಕೆ ಸೇರಿದ ತರ್ಜುಮೆಯ ಇಲಾಖೆಯು ವಿಜ್ಞಾನಗ್ರಂಥಗಳನ್ನು ಉರ್ದುವಿಗೆ ಪರಿವರ್ತಿಸಿತು. ಇದರಿಂದ ಎರಡು ಪಾಠಗಳನ್ನು ಕಲಿಯತಕ್ಕದ್ದಿದೆ. ಭಾರತೀಯ ಭಾಷೆಯೊಂದು ಉನ್ನತ ಶಾಸ್ತ್ರಗಳನ್ನು ಹೊರಬಲ್ಲುದೆಂಬುದು ಮೊದಲನೆಯದು. ಆದರೆ ಆ ಸಂಸ್ಥಾನದ ಕನ್ನಡ, ತೆಲುಗು, ಮರಾಠಿ ಮಕ್ಕಳಿಗೆ ಆ ಭಾಷೆಯೂ ಮನೆಯ ಭಾಷೆಯಾಗಿರಲಿಲ್ಲವೆಂಬುದು ಎರಡನೆಯದು. ಗೋಗಿಯ ಕನ್ನಡ ಬಾಲಕನಿಗೆ ಇಂಗ್ಲಿಷಿನ ಬಾಗಿಲಿನ ಬದಲು ಉರ್ದುವಿನ ಬಾಗಿಲು ದೊರೆಯಿತೇ ಹೊರತು ತನ್ನ ಮನೆಯ ಬಾಗಿಲು ದೊರೆಯಲಿಲ್ಲ.

ಬ್ರಿಟಿಷ್ ಇಂಡಿಯಾದಲ್ಲಿ ಕರ್ನಲ್ ಚೋಪ್ರಾ ಅವರ ಅಧ್ಯಕ್ಷತೆಯ ಔಷಧವಿಚಾರಣಾ ಸಮಿತಿಯು ೧೯೩೦–೩೧ರಲ್ಲಿ ಔಷಧಗಳ ದುಸ್ಥಿತಿಯನ್ನು ಬಯಲಿಗೆಳೆದು, ಶಿಕ್ಷಿತರಾದ ಫಾರ್ಮಸಿಸ್ಟರು ಬೇಕೆಂದು ಸೂಚಿಸಿತು. ಮಹಾದೇವಲಾಲ್ ಶ್ರಾಫ್ ಅವರು ೧೯೩೨ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆಯ ಬೋಧನೆಯನ್ನು ಆರಂಭಿಸಿದರು. ೧೯೪೮ರ ಮಾರ್ಚಿಯಲ್ಲಿ ಫಾರ್ಮಸಿ ಕಾಯಿದೆಯು ಅಂಗೀಕೃತವಾಯಿತು. ಆಗ ಗೋಗಿಯು ಇನ್ನೂ ನಿಜಾಮರ ಸೀಮೆಯಲ್ಲಿಯೇ ಇದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, ೧೯೫೬ರಲ್ಲಿ ಆ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. ಈ ಕಾಯಿದೆಯಲ್ಲಿ ಅಧಿಕಾರಿವಿಚಾರಕ್ಕೆ ಮುಖ್ಯವಾದ ಅಂಶವೊಂದಿದೆ. ಮೊದಲನೆಯ ನೋಂದಣಿಪಟ್ಟಿಯನ್ನು ಸಿದ್ಧಪಡಿಸುವಾಗ ಪದವೀಧರರನ್ನು ಮಾತ್ರವಲ್ಲದೆ, ಆಸ್ಪತ್ರೆ ಔಷಧಾಲಯಗಳಲ್ಲಿ ಐದು ವರ್ಷಗಳಿಗೆ ಕಡಮೆಯಿಲ್ಲದೆ ಔಷಧವನ್ನು ಕೂಡಿಸಿ ಕೊಡುತ್ತಿದ್ದವರನ್ನೂ ಸೇರಿಸಿಕೊಳ್ಳಲು ಅವಕಾಶವಿದ್ದಿತು. ಅಂದರೆ ಕಾಯಿದೆಯು ಹುಟ್ಟಿದಾಗ ಶಾಲೆಯ ವಿದ್ಯೆಯನ್ನೂ ಕೈಯ ವಿದ್ಯೆಯನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿತು. ಅನಂತರದಲ್ಲಿ ಶಾಲೆಯ ಬಾಗಿಲೊಂದೇ ಉಳಿಯಿತು. ಇದು ರೋಗಿಯ ಕ್ಷೇಮಕ್ಕೆ ಅವಶ್ಯವಾದ ಮಾರ್ಪಾಟೇ ಹೌದು. ಆದರೆ ಬಾಗಿಲು ಒಂದೇ ಆದಾಗ ಆ ಬಾಗಿಲಿನ ಅಗಲವನ್ನು ಕುರಿತ ಜವಾಬ್ದಾರಿಯು ಇಮ್ಮಡಿಯಾಗುತ್ತದೆ.

ಈಗ ಡಿಪ್ಲೊಮಾ ತರಗತಿಗೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನಾಗಲಿ ಗಣಿತವನ್ನಾಗಲಿ ಓದಿ ತೇರ್ಗಡೆಯಾಗಿರಬೇಕು. ಎರಡು ವರ್ಷದ ವ್ಯಾಸಂಗದ ಮೇಲೆ ಐದುನೂರು ಗಂಟೆಗಳ ಪ್ರಾಯೋಗಿಕ ತರಬೇತಿಯುಂಟು. ನಾಲ್ಕು ವರ್ಷದ ಪದವಿಯ ಬೋಧನೆಯೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ ನಡೆಯುತ್ತವೆ. ೨೦೧೧ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ ಸಾಕ್ಷರರು ನೂರಕ್ಕೆ ಸುಮಾರು ೫೨. ರಾಜ್ಯದ ಜಿಲ್ಲೆಗಳಲ್ಲಿ ಅದೇ ಅತಿ ಕಡಮೆ. ಸ್ತ್ರೀಯರಲ್ಲಿ ಅದು ಸುಮಾರು ೪೧. ಡಾಕ್ಟರ್ ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲೂಕುಗಳಲ್ಲಿ ೨೧ ಕಲಬುರಗಿ ವಿಭಾಗಕ್ಕೇ ಸೇರಿದ್ದವು. ಈ ಅಂಕೆಗಳನ್ನು ಪ್ರವೇಶನಿಯಮದ ಪಕ್ಕದಲ್ಲಿಟ್ಟು ನೋಡಿದರೆ, ಗೋಗಿಯ ಹುಡುಗಿಯನ್ನು ತಡೆಯುವುದು ಕಾಲೇಜಿನ ಬಾಗಿಲಲ್ಲ, ಅದಕ್ಕೆ ಮೊದಲಿನ ಹನ್ನೆರಡು ಮೆಟ್ಟಿಲುಗಳು ಎಂಬುದು ಸ್ಪಷ್ಟವಾಗುವುದು.

ಇದಕ್ಕೆ ಪರಿಹಾರವಾಗಿ ಸಂವಿಧಾನದ ತೊಂಬತ್ತೆಂಟನೆಯ ತಿದ್ದುಪಡಿಯಿಂದ ೩೭೧(ಜೆ) ಎಂಬ ವಿಧಿಯು ಸೇರಿತು. ಅದರ ಆಧಾರದಿಂದ ೨೦೧೩ರಲ್ಲಿ ಹೊರಟ ಆಜ್ಞೆಗಳಂತೆ, ಈಗ ಕಲ್ಯಾಣ ಕರ್ನಾಟಕವೆನಿಸಿಕೊಳ್ಳುವ ಈ ಪ್ರದೇಶದ ವೃತ್ತಿಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ೭೦ ಸ್ಥಾನಗಳೂ ರಾಜ್ಯದ ಇತರ ಭಾಗದವುಗಳಲ್ಲಿ ನೂರಕ್ಕೆ ೮ ಸ್ಥಾನಗಳೂ ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಾದವು. ಪರಿಶಿಷ್ಟ ಜಾತಿ ಪಂಗಡಗಳ ಮೀಸಲಾತಿಯು ಇದರೊಳಗೂ ಅನ್ವಯಿಸುತ್ತದೆ. ಅಂಗವೈಕಲ್ಯವುಳ್ಳವರಿಗೆ ಸರಕಾರದ ಮತ್ತು ಅನುದಾನಿತ ಉನ್ನತಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಮೆಯಿಲ್ಲದ ಸ್ಥಾನಗಳನ್ನು ೨೦೧೬ರ ಕಾಯಿದೆಯು ವಿಧಿಸಿದೆ. ಸುಶ್ರುತನ ಓರೆಬಾಗಿಲು ಇಂದಿನ ಶಾಸನದಲ್ಲಿ ಪೂರ್ಣವಾಗಿ ತೆರೆದಿದೆಯೆನ್ನಬಹುದು.

೫. ಸಂಬಂಧ: ಪಾಠಕ್ಕೂ ರೋಗಿಗೂ

ಆದರೆ ಸ್ಥಾನವನ್ನು ಕೊಟ್ಟಮಾತ್ರದಿಂದ ವಿಚಾರವು ಮುಗಿಯುವುದಿಲ್ಲ. ಯಾರಿಗೆ ಕಲಿಸಬೇಕೆಂಬುದರ ಜತೆಗೆ ಏನನ್ನು ಕಲಿಸಬೇಕೆಂಬ ಪ್ರಶ್ನೆಯೂ ಇದೆ. ಎಲ್ಲ ದೇಹಗಳೂ ಒಂದೇ ಎಂದು ತಿಳಿದ ಪಾಠವು ಅಪಾಯಕರವಾದುದು. ನಿದ್ರೆಗೆ ಕೊಡುವ ಜೊಲ್ಪಿಡೆಮ್ ಎಂಬ ಔಷಧವನ್ನು ಬಹುವರ್ಷ ಸ್ತ್ರೀಪುರುಷರಿಗೆ ಒಂದೇ ಪ್ರಮಾಣದಲ್ಲಿ ಕೊಡುತ್ತಿದ್ದರು. ಸ್ತ್ರೀಯರ ದೇಹದಿಂದ ಅದು ತಡವಾಗಿ ಹೊರಹೋಗುವುದರಿಂದ ಮರುದಿನವೂ ಮಂಪರು ಉಳಿಯುವುದೆಂದು ಕಂಡು, ೨೦೧೩ರಲ್ಲಿ ಅಮೆರಿಕದ ಔಷಧನಿಯಂತ್ರಣಾಧಿಕಾರಿಗಳು ಸ್ತ್ರೀಯರಿಗೆ ಪ್ರಾರಂಭದ ಪ್ರಮಾಣವನ್ನು ೧೦ ಮಿಲಿಗ್ರಾಮಿನಿಂದ ೫ಕ್ಕೆ ಇಳಿಸಲು ಸೂಚಿಸಿದರು. ಮಲೇರಿಯಾ ಜ್ವರಕ್ಕೆ ಕೊಡುವ ಪ್ರಿಮಾಕ್ವಿನ್, ಜಿ-೬-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ರಕ್ತಕಣಗಳನ್ನು ಒಡೆಯಬಲ್ಲುದು. ಆ ಕೊರತೆಯ ಪ್ರಮಾಣವು ಜನಾಂಗದಿಂದ ಜನಾಂಗಕ್ಕೆ ಬೇರೆಯಾಗಿರುತ್ತದೆ. ದೇಶ, ಪ್ರಕೃತಿ, ಸಾತ್ಮ್ಯಗಳನ್ನು ನೋಡಿ ಔಷಧವನ್ನು ಯೋಜಿಸಬೇಕೆಂಬ ಪ್ರಾಚೀನ ಸೂತ್ರಕ್ಕೆ ಇವು ನೂತನ ಭಾಷ್ಯಗಳಂತಿವೆ.

ದೇಹದಂತೆ ಆಚಾರವೂ ಗಣನೀಯ. ಮಾತ್ರೆಯ ಕೋಶಗಳು ಬಹುಮಟ್ಟಿಗೆ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲೆಟಿನ್ನಿನಿಂದ ಆಗುತ್ತವೆ; ಸಸ್ಯಮೂಲದ ಕೋಶಗಳೂ ದೊರೆಯುತ್ತವೆ. ಜೈನನಿಗಾಗಲಿ ಮುಸಲ್ಮಾನನಿಗಾಗಲಿ ಇದನ್ನು ತಿಳಿಸದೆ ಕೊಟ್ಟರೆ, ಸಂಗತಿಯು ತಿಳಿದ ದಿನ ಆತನು ಔಷಧವನ್ನೇ ಬಿಟ್ಟುಬಿಡಬಹುದು. ಉಗ್ರಾದಿತ್ಯನು ಸಭೆಯಲ್ಲಿ ಎತ್ತಿದ ಪ್ರಶ್ನೆಯೇ ಇಂದು ಅಂಗಡಿಯ ಕಟ್ಟೆಯ ಮೇಲೆ ಎದ್ದುನಿಂತಿದೆ. ರಂಜಾನಿನಲ್ಲಿ ಉಪವಾಸವಿರುವ ಗೋಗಿಯ ವೃದ್ಧನಿಗೆ ದಿನಕ್ಕೆ ಮೂರು ಸಲ ಎಂದು ಹೇಳಿ ಕಳುಹಿಸಿದರೆ, ಆತನು ಮೂರನ್ನೂ ರಾತ್ರಿಯೊಂದರಲ್ಲಿಯೇ ನುಂಗಿಯಾನು. ಶ್ರಾವಣದಲ್ಲಿ ಒಪ್ಪತ್ತು ಮಾಡುವ ಗೃಹಿಣಿಗೆ ಊಟದ ಮೇಲೆ ಎರಡು ಹೊತ್ತು ಎಂಬ ಮಾತೇ ಅರ್ಥಶೂನ್ಯ. ಮಧುಮೇಹಿಗಳಲ್ಲಿ ಇಂತಹ ತಪ್ಪು ಪ್ರಾಣಾಂತಿಕವಾದೀತು. ೨೦೧೫ರ ಫಾರ್ಮಸಿ ವೃತ್ತಿನಿಯಮಗಳು ರೋಗಿಗೆ ಔಷಧದ ಬಳಕೆಯನ್ನು ತಿಳಿಯಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದು ವಿಧಿಸಿವೆ. ಹಾಳ್ಯವೂ ವ್ರತವೂ ರೋಜಾವೂ ಏನೆಂದು ಅರಿಯದವನು, ಲಂಬಾಣಿ ತಾಂಡಾದ ಮುದುಕಿಯ ಮಾತು ತಿಳಿಯದವನು, ಈ ಕರ್ತವ್ಯವನ್ನು ಹೇಗೆ ನೆರವೇರಿಸಬಲ್ಲನು?

೬. ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುತ್ತದೆ. ಕಾವ್ಯವನ್ನು ಕಲಿಯುವವನು ತಪ್ಪಿದರೆ ಛಂದಸ್ಸು ಕೆಟ್ಟೀತು. ಔಷಧವನ್ನು ಅಳೆಯುವವನು ತಪ್ಪಿದರೆ ಪ್ರಾಣವು ಹೋದೀತು. ಆದಕಾರಣ ಈ ವಿದ್ಯೆಯಲ್ಲಿ ಯೋಗ್ಯತೆಯೊಂದನ್ನೇ ನೋಡಬೇಕಲ್ಲದೆ ಜಾತಿ, ಲಿಂಗ, ಪ್ರದೇಶಗಳನ್ನು ನೋಡಲಾಗದು ಎಂಬುದು ಪೂರ್ವಪಕ್ಷ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ರೋಗಿಯ ಭಯವು ಸತ್ಯವಾದುದು.

ಸಮಾಧಾನವನ್ನು ಸುಶ್ರುತನಲ್ಲಿಯೇ ಹುಡುಕಬಹುದು. ಯೋಗ್ಯಾಸೂತ್ರೀಯವೆಂಬ ಅಧ್ಯಾಯದಲ್ಲಿ, ಶಾಸ್ತ್ರವನ್ನೆಲ್ಲ ಓದಿದವನಾದರೂ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನೆಂದು ಹೇಳಿ, ಕುಂಬಳ ಸೋರೆಗಳ ಮೇಲೆ ಶಸ್ತ್ರಕರ್ಮವನ್ನು ಪಳಗಿಸಿಕೊಳ್ಳುವ ಕ್ರಮವನ್ನು ವಿವರಿಸಿದೆ. ಶಾಸ್ತ್ರ ಕರ್ಮಗಳಲ್ಲಿ ಒಂದನ್ನೇ ಬಲ್ಲವನು ಒಂದೇ ರೆಕ್ಕೆಯ ಹಕ್ಕಿಯಂತೆ ಎಂದು ಬೇರೊಂದು ಕಡೆ ಹೋಲಿಕೆಯನ್ನು ಕೊಟ್ಟಿದೆ. ಇದರಿಂದ ತಿಳಿಯತಕ್ಕದ್ದೇನೆಂದರೆ, ಯೋಗ್ಯತೆಯು ಹುಟ್ಟಿನಿಂದ ತಂದ ವಸ್ತುವಲ್ಲ, ಅಭ್ಯಾಸದಿಂದ ಪಡೆಯುವ ಸಂಸ್ಕಾರ. ಶಾಲೆಗೆ ಎರಡು ಬಾಗಿಲುಗಳುಂಟು. ಒಳಬರುವ ಬಾಗಿಲು ಅಗಲವಾಗಿರಬೇಕು. ಹೊರಹೋಗುವ ಬಾಗಿಲು ಎಲ್ಲರಿಗೂ ಸಮಾನವಾಗಿ ಇಕ್ಕಟ್ಟಾಗಿರಬೇಕು. ಕೊನೆಯ ಪರೀಕ್ಷೆಯನ್ನು ಯಾರಿಗೂ ಸಡಿಲಿಸಬೇಕಾಗಿಲ್ಲ. ಆದರೆ ಪ್ರವೇಶದ ದಿನ ಕಂಡ ಅಂಕಗಳನ್ನೇ ಯೋಗ್ಯತೆಯ ಪೂರ್ಣಪ್ರಮಾಣವೆಂದು ಹಿಡಿದರೆ, ಅಳೆದುದು ಬುದ್ಧಿಯನ್ನಲ್ಲ, ಹಿಂದಿನ ಹನ್ನೆರಡು ವರ್ಷಗಳ ಸೌಕರ್ಯವನ್ನು.

ಇನ್ನೊಂದು ಆಕ್ಷೇಪವೂ ಉಂಟು. ನಾನಾ ಜನರನ್ನು ಸೇರಿಸುವುದು ಆ ಜನರಿಗೆ ಮಾಡುವ ಉಪಕಾರ, ವಿದ್ಯೆಗೆ ಅದರಿಂದೇನು ಎಂಬುದೇ ಅದು. ಇದಕ್ಕೆ ಹಿಂದೆ ಹೇಳಿದ ದೃಷ್ಟಾಂತಗಳೇ ಉತ್ತರ. ಕುರುಬರಿಂದ ದ್ರವ್ಯವು ಬಂದಿತು, ಜೈನರಿಂದ ಹೊಸ ಕಲ್ಪನೆಯು ಬಂದಿತು, ಹಕೀಮರಿಂದ ಎರಡು ಶಾಸ್ತ್ರಗಳ ಸಂಧಿಯು ಬಂದಿತು. ಉಪಕಾರವು ಪಡೆದುದು ಶಾಸ್ತ್ರವೇ.

೭. ಪ್ರಯೋಜನ

ಈ ವಿಚಾರದಿಂದ ಆಚರಣೆಗೆ ತರತಕ್ಕ ಕೆಲವು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರಿಗೆ ಪದವಿಯ ಮೊದಲ ತಿಂಗಳುಗಳಲ್ಲಿ ಪರಿಭಾಷೆಯನ್ನು ಕನ್ನಡದ ಮೂಲಕ ತಿಳಿಸಿ, ಅನಂತರ ಇಂಗ್ಲಿಷಿಗೆ ಕರೆದೊಯ್ಯುವ ಸೇತುಪಾಠವು ಬೇಕು. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂಬ ಪಂಚವಿಧ ಕಷಾಯಕಲ್ಪನೆಗಳನ್ನು ಹಿಂಡಿದ ರಸ, ಅರೆದ ಮುದ್ದೆ, ಕುದಿಸಿದ ಕಷಾಯ, ತಣ್ಣೀರಿನಲ್ಲಿ ನೆನೆಯಿಟ್ಟುದು, ಬಿಸಿನೀರಿನಲ್ಲಿ ನೆನೆಸಿ ಸೋಸಿದುದು ಎಂದು ಹೇಳಿದರೆ ಅರ್ಥವಾಗದ ರೈತನ ಮಗಳಿಲ್ಲ. ಅಲ್ಲಿಂದ ಇಂದಿನ ಪ್ರಯೋಗಶಾಲೆಯ ವಿಧಾನಗಳಿಗೆ ಹೋಗುವ ದಾರಿ ಬಹು ದೂರದ್ದಲ್ಲ. ಎರಡನೆಯದಾಗಿ, ಐದುನೂರು ಗಂಟೆಗಳ ತರಬೇತಿಯ ಒಂದು ಭಾಗವಾದರೂ ತಾಲೂಕು ಆಸ್ಪತ್ರೆಗಳಲ್ಲಿ ನಡೆದು, ರೋಗಿಯೊಡನೆ ಆತನ ನುಡಿಯಲ್ಲಿಯೇ ಮಾತಾಡುವುದು ಪರೀಕ್ಷೆಗೆ ಒಳಪಡಬೇಕು. ಮೂರನೆಯದಾಗಿ, ಹೆಣ್ಣುಮಕ್ಕಳ ವಸತಿಗೃಹವೂ ಬಸ್ಸಿನ ಅನುಕೂಲವೂ ಪ್ರವೇಶನಿಯಮದಷ್ಟೇ ಮುಖ್ಯವೆಂದು ತಿಳಿಯಬೇಕು. ಸ್ಥಾನವು ಮೀಸಲಾಗಿದ್ದು ಊರಿನಿಂದ ಕಾಲೇಜಿಗೆ ಹೋಗುವ ದಾರಿಯು ಇಲ್ಲದಿದ್ದರೆ ಆ ಮೀಸಲಿನಿಂದ ಫಲವಿಲ್ಲ. ನಾಲ್ಕನೆಯದಾಗಿ, ಬೋಧಕರ ಪಂಕ್ತಿಯಲ್ಲಿಯೂ ಈ ಜನರು ಕಾಣಬರಬೇಕು. ಆಚಾರ್ಯನನ್ನು ಪರೀಕ್ಷಿಸಲು ಶಿಷ್ಯನಿಗೆ ಚರಕನು ಕೊಟ್ಟ ಅಧಿಕಾರವು ಸಾರ್ಥಕವಾಗುವುದು ಆಗಲೇ.

ಸಾಹಿತ್ಯಾಧ್ಯಾಪಕರಿಗೂ ಇದರಲ್ಲಿ ಒಂದು ಭಾಗವಿದೆ. ಗೋವೈದ್ಯ, ಖಗೇಂದ್ರಮಣಿದರ್ಪಣಗಳನ್ನು ಕಾವ್ಯಚರಿತ್ರೆಯ ಪಟ್ಟಿಯಲ್ಲಿ ಹೆಸರುಮಾತ್ರವಾಗಿ ಓದಿಸುವ ಬದಲು, ಅವುಗಳಲ್ಲಿರುವ ದ್ರವ್ಯನಾಮಗಳನ್ನೂ ಕ್ರಿಯಾಪದಗಳನ್ನೂ ಸಂಗ್ರಹಿಸಿ ಫಾರ್ಮಸಿಯ ವಿದ್ಯಾರ್ಥಿಗಳ ಕೈಗಿಟ್ಟರೆ, ಕನ್ನಡದ ಔಷಧಪರಿಭಾಷೆಯು ಹೊಸದಾಗಿ ಹುಟ್ಟಬೇಕಾಗಿಲ್ಲ, ಎಚ್ಚರಗೊಂಡರೆ ಸಾಕು.

ಔಷಧದ ಮೂಲವು ಬಹುಜನರಲ್ಲಿದೆ. ಅದರ ಫಲವೂ ಬಹುಜನರಿಗೆ ಸಲ್ಲತಕ್ಕದ್ದು. ಮೂಲಫಲಗಳೆರಡೂ ಬಹುಜನರದಾಗಿರುವಾಗ ನಡುವಣ ಶಾಲೆಯೊಂದು ಮಾತ್ರ ಅಲ್ಪಜನರ ಸೊತ್ತಾಗಿರುವುದು ನ್ಯಾಯಕ್ಕೂ ವಿರುದ್ಧ, ಶಾಸ್ತ್ರಕ್ಕೂ ವಿರುದ್ಧ. ಕುರಿ ಕಾಯುವವನು ಗಿಡದ ಹೆಸರನ್ನು ಬಲ್ಲನೆಂದು ಆಚಾರ್ಯರು ಒಪ್ಪಿ ಸಾವಿರಾರು ವರ್ಷಗಳಾದವು. ಆತನ ಮಗಳು ಅದರ ಪ್ರಮಾಣವನ್ನೂ ಬಲ್ಲವಳಾಗಿ, ಗೋಗಿಯ ಅಂಗಡಿಯ ಒಳಗಡೆ ನಿಂತು, ಹೊರಗೆ ನಿಂತ ಮುದುಕನಿಗೆ ಆತನ ನುಡಿಯಲ್ಲಿಯೇ ಮದ್ದಿನ ಹೊತ್ತನ್ನು ತಿಳಿಯಹೇಳಿದ ದಿನ ‘ಸರ್ವೈಃ’ ಎಂಬ ಚರಕನ ಪದಕ್ಕೆ ನಿಜವಾದ ವ್ಯಾಖ್ಯಾನವು ದೊರೆತಂತಾಗುವುದು.